ಪೀರ್-ಟು-ಪೀರ್ ಟಿ.ವಿ.: ನೋಡುಗರೇ ಹಂಚುವ ಪ್ರಸಾರದ ಇತಿಹಾಸ

ಪೀರ್-ಟು-ಪೀರ್ ಟಿ.ವಿ.: ಅಂತರಜಾಲದಲ್ಲಿ ಬಿತ್ತರವಾಗುವ ಟಿ.ವಿ. ಕಾರ್ಯಕ್ರಮವನ್ನು ವೀಕ್ಷಕರ ಕಂಪ್ಯೂಟರುಗಳೇ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪ್ರಸಾರ ವಿಧಾನ. ಪೀರ್ ಎಂದರೆ ಓರಗೆಯವ, ಸರಿಸಮಾನ. ಸಾಮಾನ್ಯ ಅಂತರಜಾಲ ಪ್ರಸಾರದಲ್ಲಿ ಕೊಡುವುದು ಸರ್ವರಿನ ಕೆಲಸ, ಪಡೆಯುವುದು ವೀಕ್ಷಕರ ಕೆಲಸ. ಈ ವಿಧಾನದಲ್ಲಿ ಆ ಭೇದವಿಲ್ಲ. ದೃಶ್ಯದ ತುಣುಕು ಯಾರ ಬಳಿ ಇದೆಯೋ ಅವರು ಇಲ್ಲದವರಿಗೆ ಕೊಡುತ್ತಾರೆ. ಪ್ರಸಾರಕರ ಬ್ಯಾಂಡ್‌ವಿಡ್ತ್ ಖರ್ಚನ್ನು ತಗ್ಗಿಸುವುದು ಇದರ ಮೂಲ ಉದ್ದೇಶ. 2000 ಮತ್ತು 2010ರ ನಡುವೆ ಇದು ಸಂಶೋಧನಾಲಯಗಳಲ್ಲಿ ರೂಪುಗೊಂಡು ಚೀನಾದಲ್ಲಿ ಜನಸಾಮಾನ್ಯರ ಟಿ.ವಿ. ಆಯಿತು. ಇದರ ಇತಿಹಾಸವನ್ನು ಬರಿಯ ಉಳಿತಾಯದ ಕಥೆಯೆಂದು ಓದಿದರೆ ಅರ್ಧವನ್ನಷ್ಟೇ ಓದಿದಂತೆ. ಪ್ರಸಾರಕರ ಹೆಗಲಿನಿಂದ ಇಳಿದ ಹೊರೆ ಯಾರ ಹೆಗಲೇರಿತು ಎಂಬ ಪ್ರಶ್ನೆ ಪ್ರತಿ ಹಂತದಲ್ಲೂ ಎದುರಾಗಿದೆ.

ಸಮಸ್ಯೆಯ ಹುಟ್ಟು

ಗೋಪುರದಿಂದ ಹೊರಡುವ ಟಿ.ವಿ. ತರಂಗವನ್ನು ಒಂದು ಮನೆ ಹಿಡಿದರೂ ಒಂದು ಲಕ್ಷ ಮನೆಗಳು ಹಿಡಿದರೂ ಟ್ರಾನ್ಸ್‌ಮಿಟರಿನ ಖರ್ಚು ಒಂದೇ. ಅಂತರಜಾಲದ ಸ್ವಭಾವ ಬೇರೆ. ಅದು ಇಬ್ಬರ ನಡುವಿನ ಸಂಭಾಷಣೆಗೆಂದು ಕಟ್ಟಿದ ಜಾಲ. ಅಲ್ಲಿ ಪ್ರತಿ ವೀಕ್ಷಕರಿಗೂ ಸರ್ವರು ಬೇರೆಯದೇ ಪ್ರತಿಯನ್ನು ಕಳಿಸಬೇಕು. ಇದಕ್ಕೆ ಯುನಿಕಾಸ್ಟ್ ಎಂದು ಹೆಸರು. ಸೆಕೆಂಡಿಗೆ 500 ಕಿಲೋಬಿಟ್ ಬೇಡುವ ವಿಡಿಯೊವನ್ನು 10 ಮಂದಿ ನೋಡಿದರೆ ಸರ್ವರಿನಿಂದ ಸೆಕೆಂಡಿಗೆ 5 ಮೆಗಾಬಿಟ್ ಹೊರಡುತ್ತದೆ. ಅದನ್ನೇ 2 ಲಕ್ಷ ಮಂದಿ ನೋಡಿದರೆ ಬೇಕಾಗುವುದು 100 ಗಿಗಾಬಿಟ್. ಹೀಗಾಗಿ ಅಂತರಜಾಲದಲ್ಲಿ ಕಾರ್ಯಕ್ರಮ ಜನಪ್ರಿಯವಾದಷ್ಟೂ ಪ್ರಸಾರಕರ ಖರ್ಚು ಏರುತ್ತದೆ. ಸರ್ವರಿನ ಶಕ್ತಿ ಮೀರಿದ ಕ್ಷಣದಲ್ಲಿ ಎಲ್ಲರ ಪರದೆಯ ಮೇಲೂ ಬಫರಿಂಗ್ ಚಕ್ರ ತಿರುಗತೊಡಗುತ್ತದೆ.

ಮಲ್ಟಿಕಾಸ್ಟ್: ಮೊದಲ ಪರಿಹಾರ

ಈ ತೊಡಕಿಗೆ ಮೊದಲು ಸೂಚಿಸಿದ ಮದ್ದು ಐಪಿ ಮಲ್ಟಿಕಾಸ್ಟ್. ಸರ್ವರು ಒಂದೇ ಪ್ರತಿ ಕಳಿಸಲಿ, ದಾರಿ ಕವಲೊಡೆಯುವಲ್ಲಿ ರೂಟರುಗಳೇ ನಕಲು ಮಾಡಿಕೊಳ್ಳಲಿ ಎಂಬುದು ಇದರ ತತ್ತ್ವ. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್ ಇದನ್ನು ರೂಪಿಸಿದರು. 1989ರ ಆರ್‌ಎಫ್‌ಸಿ 1112 ಎಂಬ ಅಂತರಜಾಲ ಮಾನಕ ದಾಖಲೆ ಇದರ ನಿಯಮಗಳನ್ನು ವಿಧಿಸಿತು. 1992ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೇಗೊದಲ್ಲಿ ನಡೆದ ಅಂತರಜಾಲ ಎಂಜಿನಿಯರಿಂಗ್ ಕಾರ್ಯಪಡೆಯ ಸಭೆಯ ಧ್ವನಿಯನ್ನು ಮೂರು ಖಂಡಗಳ 20 ಕಡೆ ಕೇಳಿಸಲಾಯಿತು. ಎಂಬೋನ್ ಎಂಬ ಪ್ರಾಯೋಗಿಕ ಜಾಲ ಬೆಳೆದದ್ದು ಅಲ್ಲಿಂದ. 1994ರ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಡಲ್ಲಾಸ್ ಕಚೇರಿಯ ಒಂದು ಭಾಗವೂ ಎಂಬೋನ್ ಮೇಲೆ ಹರಿಯಿತು.

ಬಿಟ್‌ಗಳ ಲೆಕ್ಕದಲ್ಲಿ ಮಲ್ಟಿಕಾಸ್ಟ್‌ಗಿಂತ ಮಿತವ್ಯಯದ ದಾರಿ ಇಂದಿಗೂ ಇಲ್ಲ. ಒಂದು ತಂತಿಯ ಮೇಲೆ ಒಂದು ದೃಶ್ಯ ಒಮ್ಮೆ ಮಾತ್ರ ಸಾಗುತ್ತದೆ. ಆದರೂ ಅದು ಇಡೀ ಅಂತರಜಾಲಕ್ಕೆ ಹಬ್ಬಲಿಲ್ಲ. ದಾರಿಯುದ್ದಕ್ಕೂ ಇರುವ ರೂಟರುಗಳೆಲ್ಲ ಪ್ರತಿ ಗುಂಪಿನ ಲೆಕ್ಕವನ್ನೂ ನೆನಪಿಡಬೇಕಿತ್ತು. ಒಬ್ಬ ಅಂತರಜಾಲ ಸೇವಾದಾರರು ಕಳಿಸಿದ ದತ್ತಾಂಶದ ಒಂದು ಪ್ಯಾಕೆಟ್ ಇನ್ನೊಬ್ಬರ ಜಾಲದಲ್ಲಿ ಸಾವಿರವಾದರೆ ಹಣ ಯಾರಿಗೆ ಸಲ್ಲಬೇಕೆಂಬ ಒಪ್ಪಂದ ಇರಲಿಲ್ಲ. ದಟ್ಟಣೆಯ ನಿಯಂತ್ರಣವೂ ಕಠಿಣವಾಗಿತ್ತು. ಹಾಗಾಗಿ ಮಲ್ಟಿಕಾಸ್ಟ್ ಒಬ್ಬನೇ ಸೇವಾದಾರನ ಹಿಡಿತದಲ್ಲಿರುವ ಐಪಿ ಟಿ.ವಿ. ಜಾಲಗಳ ಒಳಗೆ ನೆಲೆ ಕಂಡುಕೊಂಡಿತು.

ನಾರದನ ಹೆಸರಿನ ಪ್ರಯೋಗ

ರೂಟರುಗಳು ಮಾಡಲೊಪ್ಪದ ನಕಲಿನ ಕೆಲಸವನ್ನು ಅಂಚಿನ ಕಂಪ್ಯೂಟರುಗಳಿಂದಲೇ ಮಾಡಿಸಬಹುದಲ್ಲ ಎಂಬ ಯೋಚನೆ ಪೀರ್-ಟು-ಪೀರ್ ಟಿ.ವಿ.ಯ ನಿಜವಾದ ಬೀಜ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಯಾಂಗ್-ಹ್ವಾ ಚು, ಸಂಜಯ್ ರಾವ್ ಮತ್ತು ಹುಯಿ ಜಾಂಗ್ 2000ದಲ್ಲಿ ಮಂಡಿಸಿದ ಪ್ರಬಂಧ ಇದಕ್ಕೆ ಎಂಡ್ ಸಿಸ್ಟಮ್ ಮಲ್ಟಿಕಾಸ್ಟ್ ಎಂದು ಹೆಸರಿಟ್ಟಿತು. ಅವರು ಕಟ್ಟಿದ ಪ್ರೋಟೊಕಾಲ್‌ನ (ಸಂವಹನ ನಿಯಮಾವಳಿಯ) ಹೆಸರು ನಾರದ. ಮೂರು ಲೋಕಗಳಲ್ಲಿ ಸುದ್ದಿ ಮುಟ್ಟಿಸುವ ಮುನಿಯ ಹೆಸರು ಈ ಕೆಲಸಕ್ಕೆ ಹೊಂದುವಂಥದ್ದೇ. ನಾರದ ಮೊದಲು ಕಂಪ್ಯೂಟರುಗಳ ನಡುವೆ ಬಲೆಯಂಥ ನಂಟನ್ನು ಹೆಣೆಯುತ್ತಿತ್ತು. ಆಮೇಲೆ ಆ ಬಲೆಯ ಮೇಲೆ ದತ್ತಾಂಶ ಹರಿಯುವ ಮರವನ್ನು ಆರಿಸುತ್ತಿತ್ತು.

ಮರದ ರಚನೆಗೆ ಎರಡು ದೌರ್ಬಲ್ಯಗಳಿದ್ದವು. ಮಧ್ಯದ ಕೊಂಬೆಯಲ್ಲಿರುವ ವೀಕ್ಷಕ ಕಂಪ್ಯೂಟರ್ ಆರಿಸಿ ಎದ್ದರೆ ಅವನ ಕೆಳಗಿನವರೆಲ್ಲರಿಗೂ ದೃಶ್ಯ ನಿಲ್ಲುತ್ತಿತ್ತು. ತುದಿಯ ಎಲೆಗಳಂತಿರುವ ಬಹುಸಂಖ್ಯೆಯ ವೀಕ್ಷಕರು ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ. ಮೈಕ್ರೋಸಾಫ್ಟ್ ರಿಸರ್ಚ್‌ನ ವೆಂಕಟ ಪದ್ಮನಾಭನ್ ಮತ್ತು ಸಂಗಡಿಗರು 2002ರಲ್ಲಿ ಮಂಡಿಸಿದ ಕೂಪ್‌ನೆಟ್ ಇದಕ್ಕೆ ಒಂದು ಉತ್ತರ. ವಿಡಿಯೊವನ್ನು ಒಂದೊಂದೂ ತಾನೇ ಚಿತ್ರ ಮೂಡಿಸಬಲ್ಲ ಹಲವು ಎಳೆಗಳಾಗಿ ಸೀಳಿ ಬೇರೆ ಬೇರೆ ಮರಗಳ ಮೂಲಕ ಕಳಿಸಿದರೆ, ಒಂದು ಮರ ಮುರಿದಾಗ ಚಿತ್ರ ಮಸುಕಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. 2001ರ ಸೆಪ್ಟೆಂಬರ್ 11ರಂದು ಸುದ್ದಿ ತಾಣವೊಂದರ ನೇರಪ್ರಸಾರಕ್ಕೆ ಮುಗಿಬಿದ್ದ ವೀಕ್ಷಕರ ದಾಖಲೆಗಳನ್ನೇ ಅವರು ಪರೀಕ್ಷೆಗೆ ಬಳಸಿದರು. ಪದ್ಮನಾಭನ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಸಂಶೋಧನೆ ಮುಂದುವರಿಸಿದರು. 2003ರ ಸ್ಪ್ಲಿಟ್‌ಸ್ಟ್ರೀಮ್ ಇದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು: ಪ್ರತಿ ಕಂಪ್ಯೂಟರೂ ಒಂದು ಮರದಲ್ಲಿ ಕೊಂಬೆಯಾಗಬೇಕು, ಉಳಿದ ಮರಗಳಲ್ಲಿ ಎಲೆಯಾಗಿರಬಹುದು. ಇದರಿಂದ ಹೊರೆ ಎಲ್ಲರಿಗೂ ಹಂಚಿಹೋಯಿತು.

ಬಿಟ್‌ಟೊರೆಂಟ್‌ನಿಂದ ಕೂಲ್‌ಸ್ಟ್ರೀಮಿಂಗ್‌ಗೆ

ಇತ್ತ ಕಡತ ಹಂಚಿಕೆಯ ಲೋಕದಲ್ಲಿ ಬೇರೆಯೇ ಬೆಳೆ ಬರುತ್ತಿತ್ತು. 1999ರಲ್ಲಿ ಬಂದ ನ್ಯಾಪ್‌ಸ್ಟರ್ ಸಂಗೀತದ ಕಡತಗಳನ್ನು ಬಳಕೆದಾರರ ನಡುವೆ ವಿನಿಮಯ ಮಾಡಿಸಿತು. 2001ರಲ್ಲಿ ಬ್ರಾಮ್ ಕೋಹೆನ್ ಹೊರತಂದ ಬಿಟ್‌ಟೊರೆಂಟ್ ಕಡತವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು, ಯಾವ ತುಣುಕು ಅತಿ ವಿರಳವೋ ಅದನ್ನು ಮೊದಲು ಹರಡಿಸಿತು. ನನಗೆ ಕೊಟ್ಟವರಿಗೆ ನಾನು ಕೊಡುತ್ತೇನೆ ಎಂಬುದು ಅದರ ಕಟ್ಟಳೆ. ನಮ್ಮ ಹಳ್ಳಿಗಳಲ್ಲಿ ನಾಟಿ, ಕೊಯ್ಲಿನ ದಿನಗಳಲ್ಲಿ ನಡೆಯುವ ಮುಯ್ಯಾಳು ಪದ್ಧತಿ ಬಲ್ಲವರಿಗೆ ಈ ಕಟ್ಟಳೆಯನ್ನು ಬಿಡಿಸಿ ಹೇಳಬೇಕಿಲ್ಲ: ಇಂದು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ.

ಆದರೆ ಕಡತಕ್ಕೂ ನೇರಪ್ರಸಾರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಡತದ ಕೊನೆಯ ತುಣುಕು ಮೊದಲು ಬಂದರೂ ನಷ್ಟವಿಲ್ಲ. ಟಿ.ವಿ.ಯಲ್ಲಿ ಪ್ರತಿ ತುಣುಕಿಗೂ ಗಡುವು ಉಂಟು. ಗೋಲಿನ ದೃಶ್ಯ ಗಡುವು ದಾಟಿ ಬಂದರೆ ಅದು ಬಂದೂ ವ್ಯರ್ಥ. ಹಾಂಗ್‌ಕಾಂಗ್‌ನ ಸಂಶೋಧಕರಾದ ಶಿನ್ಯಾನ್ ಜಾಂಗ್, ಜಿಯಾಂಗ್‌ಚುವಾನ್ ಲಿಯು, ಬೊ ಲಿ ಮತ್ತು ಸಂಗಡಿಗರು ಗಡುವು ಹಾಗೂ ವಿರಳತೆ ಎರಡನ್ನೂ ತೂಗಿ ನೋಡುವ ಕೂಲ್‌ಸ್ಟ್ರೀಮಿಂಗ್ ಅನ್ನು 2004ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದರು. ಅದರಲ್ಲಿ ಸ್ಥಿರವಾದ ಮರವೇ ಇರಲಿಲ್ಲ.

ಅದರ ಕೆಲಸದ ಬಗೆಯನ್ನು ಹತ್ತಿರದಿಂದ ನೋಡಬಹುದು. ವಿಡಿಯೊವನ್ನು ಒಂದೊಂದು ಸೆಕೆಂಡಿನ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ವೀಕ್ಷಕರ ಕಂಪ್ಯೂಟರಿನಲ್ಲೂ 120 ತುಂಡುಗಳನ್ನು, ಅಂದರೆ ಎರಡು ನಿಮಿಷದ ದೃಶ್ಯವನ್ನು ಒಳಗೊಳ್ಳುವ ಕಿಟಕಿಯೊಂದು ಸದಾ ಮುಂದಕ್ಕೆ ಜರುಗುತ್ತಿರುತ್ತದೆ. ಆ ಕಿಟಕಿಯಲ್ಲಿ ಯಾವ ತುಂಡು ಇದೆ, ಯಾವುದು ಇಲ್ಲ ಎಂಬುದನ್ನು 120 ಬಿಟ್‌ಗಳ ಒಂದು ಪಟ್ಟಿ ಹೇಳುತ್ತದೆ: ಇದ್ದರೆ 1, ಇಲ್ಲದಿದ್ದರೆ 0. ಇಡೀ ಪಟ್ಟಿಯ ಗಾತ್ರ ಬರಿಯ 15 ಬೈಟ್. ಕಂಪ್ಯೂಟರ್ ಈ ಪಟ್ಟಿಯನ್ನು ತನ್ನ ಕೆಲವೇ ಜತೆಗಾರರೊಂದಿಗೆ ಆಗಾಗ ಅದಲುಬದಲು ಮಾಡಿಕೊಳ್ಳುತ್ತದೆ. ತನ್ನಲ್ಲಿ 0 ಇರುವ ಜಾಗದಲ್ಲಿ ಯಾರ ಪಟ್ಟಿಯಲ್ಲಿ 1 ಇದೆಯೋ ಅವರಿಂದ ಆ ತುಂಡನ್ನು ಕೇಳಿ ತರಿಸಿಕೊಳ್ಳುತ್ತದೆ. ಒಬ್ಬರ ಬಳಿಯಷ್ಟೇ ಇರುವ ತುಂಡಿಗೆ ಮೊದಲ ಸರದಿ. ಜತೆಗಾರರೊಬ್ಬರು ನಡುವೆ ಎದ್ದುಹೋದರೆ ಬೇರೊಬ್ಬರನ್ನು ಹುಡುಕಿದರಾಯಿತು, ದೃಶ್ಯ ನಿಲ್ಲುವುದಿಲ್ಲ. ಮೊದಲ ಪ್ರಯೋಗದಲ್ಲಿ 30,000ಕ್ಕೂ ಹೆಚ್ಚು ಜನ ಇದನ್ನು ಬಳಸಿದರು. ಒಂದೇ ಹೊತ್ತಿನಲ್ಲಿ 4,000ಕ್ಕೂ ಹೆಚ್ಚು ಮಂದಿ ನೋಡಿದ ಗಳಿಗೆಗಳಿದ್ದವು. ಹೆಚ್ಚು ಜನ ಬಂದಷ್ಟೂ ಪ್ರಸಾರ ಕುಸಿಯುತ್ತದೆ ಎಂಬ ಹಳೆಯ ಅನುಭವ ಇಲ್ಲಿ ಮೊದಲ ಬಾರಿಗೆ ತಲೆಕೆಳಗಾಯಿತು.

ಚೀನಾದ ದಶಕ

ಕೂಲ್‌ಸ್ಟ್ರೀಮಿಂಗ್ ತೋರಿಸಿದ ದಾರಿಯಲ್ಲಿ ಚೀನಾದಲ್ಲಿ ಒಂದರ ಹಿಂದೊಂದು ಸೇವೆ ಹುಟ್ಟಿಕೊಂಡಿತು. ವುಹಾನ್‌ನ ಹುವಾಜಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯಾವೊ ಶಿನ್ 2004ರಲ್ಲಿ ಪಿಪಿಲೈವ್ ಆರಂಭಿಸಿದರು. ಪಿಪಿಸ್ಟ್ರೀಮ್, ಸಾಪ್‌ಕಾಸ್ಟ್, ಟಿವಿಆಂಟ್ಸ್, ಯುಯುಸೀ ಇದೇ ಕಾಲದವು. 2006ರ ಜನವರಿ 28ರಂದು, ಚೀನೀ ಹೊಸವರ್ಷದ ಮುನ್ನಾ ರಾತ್ರಿ, ದೇಶವೇ ಕೂತು ನೋಡುವ ವಸಂತೋತ್ಸವದ ಕಾರ್ಯಕ್ರಮವನ್ನು ಪಿಪಿಲೈವ್ ಬಿತ್ತರಿಸಿತು. ಸೆಕೆಂಡಿಗೆ 400ರಿಂದ 800 ಕಿಲೋಬಿಟ್ ವೇಗದಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಒಂದೇ ಸಮಯಕ್ಕೆ ನೋಡಿದರು. ಎಲ್ಲ ಕೂಡಿದರೆ ಸೆಕೆಂಡಿಗೆ ಸುಮಾರು 100 ಗಿಗಾಬಿಟ್‌ನ ಹರಿವು. ಅಂದಿನ ಒಂದು ಎಳೆಯ ಕಂಪನಿ ಅಷ್ಟು ಬ್ಯಾಂಡ್‌ವಿಡ್ತ್ ಕೊಂಡು ಪ್ರಸಾರ ಮಾಡುವುದು ಊಹೆಗೂ ನಿಲುಕದ ಮಾತಾಗಿತ್ತು.

ನ್ಯೂಯಾರ್ಕ್‌ನ ಸಂಶೋಧಕರಾದ ಕೀತ್ ರಾಸ್, ಯಾಂಗ್ ಲಿಯು, ಶಿಯಾಜುನ್ ಹೆಯ್ ಮುಂತಾದವರು ಪಿಪಿಲೈವ್‌ನ ಸಂಚಾರವನ್ನು ಹೊರಗಿನಿಂದ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಆಕರಗ್ರಂಥದಂತಾಯಿತು. ವಾಹಿನಿ ತೆರೆದ ಮೇಲೆ ಚಿತ್ರ ಮೂಡಲು ಹತ್ತಿಪ್ಪತ್ತು ಸೆಕೆಂಡು ಹಿಡಿಯುತ್ತಿತ್ತು. ನೋಡುಗರು ಕಡಿಮೆಯಿದ್ದ ವಾಹಿನಿಗಳಲ್ಲಿ ಇನ್ನೂ ಹೆಚ್ಚು. ಒಂದೇ ಪಂದ್ಯವನ್ನು ನೋಡುತ್ತಿದ್ದ ಇಬ್ಬರ ನಡುವೆ ನಿಮಿಷಗಟ್ಟಲೆ ಅಂತರ ಇರುತ್ತಿದ್ದುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಕೊಡುಗೆ ಸಮನಾಗಿರಲಿಲ್ಲ. ವೇಗದ ಸಂಪರ್ಕವಿದ್ದ ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳು ತಾವು ಪಡೆದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಿದ್ದವು. ಅಪ್‌ಲೋಡ್ ವೇಗ ಕಡಿಮೆಯಿದ್ದ ಮನೆಗಳು ಕೊಟ್ಟದ್ದು ಅತಿ ಕಡಿಮೆ. ಒಂದು ಕೋಣೆಯಲ್ಲಿ ಕೂತು ಪಂದ್ಯ ನೋಡುತ್ತಿದ್ದ ವಿದ್ಯಾರ್ಥಿ ತನಗೆ ತಿಳಿಯದಂತೆ ಹತ್ತಾರು ಮನೆಗಳಿಗೆ ಪ್ರಸಾರಕನಾಗಿದ್ದ. ಅದರ ಹಣ ತೆತ್ತದ್ದು ಅವನ ವಿಶ್ವವಿದ್ಯಾಲಯ.

ಯುರೋಪ್ ಮತ್ತು ಅಮೆರಿಕದ ಯತ್ನಗಳು

ಮಿಷಿಗನ್ ವಿಶ್ವವಿದ್ಯಾಲಯದ ಸುಗಿ ಜಾಮಿನ್ ಅವರ ಸಂಶೋಧನೆಯಿಂದ ಬೆಳೆದ ಜಾಟೂ 2006ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಸೇವೆ ಆರಂಭಿಸಿತು. ಕಜಾ ಮತ್ತು ಸ್ಕೈಪ್ ಕಟ್ಟಿದ ನಿಕ್ಲಾಸ್ ಜೆನ್‌ಸ್ಟ್ರೋಮ್ ಹಾಗೂ ಯಾನುಸ್ ಫ್ರೀಸ್ 2007ರಲ್ಲಿ ಜೂಸ್ಟ್ ಹೊರತಂದರು. ಪ್ರತ್ಯೇಕ ತಂತ್ರಾಂಶ ಇಳಿಸಿಕೊಂಡೇ ನೋಡಬೇಕಾಗಿದ್ದ ಜೂಸ್ಟ್, ಬ್ರೌಸರಿನಲ್ಲಿ ತಟ್ಟನೆ ತೆರೆಯುವ ತಾಣಗಳ ಎದುರು ನಿಲ್ಲಲಾರದೆ 2008ರ ಕೊನೆಗೆ ಪೀರ್-ಟು-ಪೀರ್ ತೊರೆದು ಬ್ರೌಸರಿಗೆ ಬಂತು. ಬ್ರಿಟನ್ನಿನ ಬಿಬಿಸಿ ಐಪ್ಲೇಯರ್‌ನ ಕಥೆಯೂ ಇದೇ. 2007ರಲ್ಲಿ ಅದರ ಡೌನ್‌ಲೋಡ್ ಸೇವೆ ಕಾಂಟಿಕಿ ಎಂಬ ಪೀರ್-ಟು-ಪೀರ್ ತಂತ್ರಾಂಶದ ಮೇಲೆ ನಿಂತಿತ್ತು. ಐಪ್ಲೇಯರ್ ಮುಚ್ಚಿದ ಮೇಲೂ ಅದು ಹಿನ್ನೆಲೆಯಲ್ಲಿ ಅಪ್‌ಲೋಡ್ ಮುಂದುವರಿಸುತ್ತಿದ್ದುದು ತಿಂಗಳ ಡೇಟಾ ಮಿತಿಯುಳ್ಳ ಗ್ರಾಹಕರನ್ನು ಕಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ನೇರ ಸ್ಟ್ರೀಮಿಂಗ್ ಜನರಿಗೆ ಹೆಚ್ಚು ಹಿಡಿಸಿತು. 2008ರ ಡಿಸೆಂಬರಿಗೆ ಬಿಬಿಸಿ ಕಾಂಟಿಕಿಯನ್ನು ಕೈಬಿಟ್ಟಿತು.

ಡೆನ್ಮಾರ್ಕಿನ ಆಕ್ಟೋಶೇಪ್ ಕಂಪನಿಯೂ ಈ ದಾರಿ ಹಿಡಿಯಿತು. 2009ರ ಜನವರಿ 20ರಂದು ಬರಾಕ್ ಒಬಾಮ ಅಧಿಕಾರ ಸ್ವೀಕರಿಸಿದ ಸಮಾರಂಭವನ್ನು ಸಿಎನ್ಎನ್ ತಾಣ ಬಿತ್ತರಿಸಿದಾಗ ಏಕಕಾಲದ ವೀಕ್ಷಣೆಗಳು 13 ಲಕ್ಷ ಮುಟ್ಟಿದವು. ಅದರ ಒಂದು ಭಾಗ ಆಕ್ಟೋಶೇಪ್ ಮೂಲಕ ಹರಿಯಿತು. ಈ ಕಂಪನಿಯನ್ನು 2015ರಲ್ಲಿ ವಿತರಣಾ ಜಾಲ ನಡೆಸುವ ಅಕಮೈ ಕೊಂಡುಕೊಂಡಿತು. ಸಾರ್ವಜನಿಕ ಹಣದಿಂದ ನಡೆದ ದೊಡ್ಡ ಪ್ರಯತ್ನ ಯುರೋಪಿಯನ್ ಒಕ್ಕೂಟದ ಪಿಟುಪಿ-ನೆಕ್ಸ್ಟ್ ಯೋಜನೆ. 2008ರಲ್ಲಿ ಆರಂಭವಾದ ಇದಕ್ಕೆ ಒಕ್ಕೂಟ 1.4 ಕೋಟಿ ಯೂರೊ ನೀಡಿತು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ, ಬಿಬಿಸಿ ಮುಂತಾದ ಸಂಸ್ಥೆಗಳು ಇದರಲ್ಲಿ ಕೈಜೋಡಿಸಿದವು. ಡೆಲ್ಫ್ಟ್‌ನಲ್ಲಿ ರೂಪುಗೊಂಡ ಸ್ವಿಫ್ಟ್ ಪ್ರೋಟೊಕಾಲ್ ಪರಿಷ್ಕಾರಗೊಂಡು 2015ರಲ್ಲಿ ಆರ್‌ಎಫ್‌ಸಿ 7574 ಎಂಬ ಮಾನಕವಾಯಿತು. ಅಪರಿಚಿತರಿಂದ ಬಂದ ತುಣುಕು ಅಸಲಿಯೋ ಕಲಬೆರಕೆಯೋ ಎಂದು ಕೂಡಲೇ ತಾಳೆ ನೋಡುವ ವ್ಯವಸ್ಥೆ ಅದರಲ್ಲಿದೆ.

ಉಳಿತಾಯ ಯಾರದು?

ಪೀರ್-ಟು-ಪೀರ್ ಪ್ರಸಾರದ ಮೂಲ ಲೆಕ್ಕ ಸರಳ. ಸರ್ವರು ಮತ್ತು ವೀಕ್ಷಕರೆಲ್ಲರ ಅಪ್‌ಲೋಡ್ ಶಕ್ತಿಯನ್ನು ಕೂಡಿಸಿ, ವೀಕ್ಷಕರ ಸಂಖ್ಯೆಯಿಂದ ಭಾಗಿಸಿದರೆ ಬರುವ ವೇಗಕ್ಕಿಂತ ಹೆಚ್ಚಿನ ವೇಗದ ವಿಡಿಯೊವನ್ನು ಎಲ್ಲರಿಗೂ ತಲುಪಿಸಲಾಗದು. ಸೆಕೆಂಡಿಗೆ 500 ಕಿಲೋಬಿಟ್‌ನ ವಿಡಿಯೊ ನೋಡುವ 2 ಲಕ್ಷ ಮಂದಿ ಸರಾಸರಿ 400 ಕಿಲೋಬಿಟ್ ಅಪ್‌ಲೋಡ್ ಮಾಡಬಲ್ಲರೆಂದರೆ, ಸರ್ವರು ತುಂಬಿಕೊಡಬೇಕಾದ್ದು ತಲೆಗೆ 100 ಕಿಲೋಬಿಟ್. ಒಟ್ಟು 100 ಗಿಗಾಬಿಟ್‌ನ ಜಾಗದಲ್ಲಿ 20 ಗಿಗಾಬಿಟ್ ಸಾಕು. ಪ್ರಸಾರಕರಿಗೆ ನೂರಕ್ಕೆ ಎಂಬತ್ತರ ಉಳಿತಾಯ.

ಆದರೆ ಉಳಿದ 80 ಗಿಗಾಬಿಟ್ ಮಾಯವಾಗಲಿಲ್ಲ. ಅದು ವೀಕ್ಷಕರ ಮನೆಗಳಿಂದ ಹೊರಟಿತು. ಬೆಂಗಳೂರಿನ ಒಂದೇ ಬೀದಿಯ ಇಬ್ಬರು ಒಂದೇ ಪಂದ್ಯ ನೋಡುತ್ತಿದ್ದಾರೆ ಎಂದುಕೊಳ್ಳಿ. ಜತೆಗಾರರನ್ನು ತಂತ್ರಾಂಶ ಕಣ್ಣುಮುಚ್ಚಿ ಆರಿಸಿದರೆ ಒಬ್ಬರ ತುಣುಕು ಸಿಂಗಪುರದಿಂದ, ಇನ್ನೊಬ್ಬರದು ಲಂಡನ್ನಿನಿಂದ ಬರಬಹುದು. ಆಗ ಒಟ್ಟು ಜಾಲದ ಹೊರೆ ಯುನಿಕಾಸ್ಟ್‌ಗಿಂತ ಹೆಚ್ಚಬಹುದು. 2000ರ ದಶಕದಲ್ಲಿ ಅಂತರಜಾಲ ಸೇವಾದಾರರು ಪೀರ್-ಟು-ಪೀರ್ ಸಂಚಾರದ ಮೇಲೆ ಮುನಿಸಿಕೊಂಡದ್ದು ಇದಕ್ಕೇ. ಅಮೆರಿಕದ ಕಾಮ್‌ಕಾಸ್ಟ್ 2007ರಲ್ಲಿ ಬಿಟ್‌ಟೊರೆಂಟ್ ಸಂಪರ್ಕಗಳನ್ನು ತಡೆದದ್ದು ಬಯಲಾಗಿ, 2008ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಹನ ಆಯೋಗ ಅದನ್ನು ನಿಲ್ಲಿಸಲು ಆದೇಶಿಸಿತು. ಆ ಆದೇಶವನ್ನು 2010ರಲ್ಲಿ ನ್ಯಾಯಾಲಯ ರದ್ದು ಮಾಡಿತಾದರೂ, ಈ ವಿವಾದ ಎಲ್ಲ ಸಂಚಾರವನ್ನೂ ಸಮನಾಗಿ ಕಾಣಬೇಕೆಂಬ ಜಾಲ ತಟಸ್ಥತೆಯ ಚರ್ಚೆಗೆ ಬಿರುಸು ತಂದಿತು.

ಜಗಳದಿಂದ ಒಳ್ಳೆಯ ವಿಜ್ಞಾನವೂ ಹುಟ್ಟಿತು. ಯೇಲ್ ವಿಶ್ವವಿದ್ಯಾಲಯದ ಹೈಯಾಂಗ್ ಶಿಯೆ, ರಿಚರ್ಡ್ ಯಾಂಗ್ ಮತ್ತಿತರರು 2008ರಲ್ಲಿ ಪಿಫೋರ್‌ಪಿ ಎಂಬ ಏರ್ಪಾಡನ್ನು ಮಂಡಿಸಿದರು. ಯಾರು ಯಾರಿಗೆ ಹತ್ತಿರ, ಯಾವ ದಾರಿ ಅಗ್ಗ ಎಂಬುದನ್ನು ಸೇವಾದಾರರೇ ತಂತ್ರಾಂಶಕ್ಕೆ ಸೂಚಿಸುವುದು ಇದರ ತಿರುಳು. ವೆರಿಜಾನ್ ಜಾಲದಲ್ಲಿ ಕಡತ ಹಂಚಿಕೆಯ ಪ್ರಯೋಗ ನಡೆಸಿದಾಗ, ತುಣುಕು ದಾಟಬೇಕಾದ ನಗರ ಘಟ್ಟಗಳ ಸರಾಸರಿ 5.5ರಿಂದ 0.89ಕ್ಕೆ ಇಳಿಯಿತು. ಇದೇ ಆಶಯದ ಆಲ್ಟೊ ಪ್ರೋಟೊಕಾಲ್ 2014ರಲ್ಲಿ ಆರ್‌ಎಫ್‌ಸಿ 7285 ಆಗಿ ಮಾನಕವಾಯಿತು. ಮನೆಯವರ ಬೇರೆ ಕೆಲಸಗಳಿಗೆ ಅಡ್ಡಿಯಾಗದಂತೆ, ಸಾಲು ಬೆಳೆಯುವ ಸೂಚನೆ ಸಿಕ್ಕೊಡನೆ ಹಿಂದೆ ಸರಿಯುವ ಲೆಡ್‌ಬ್ಯಾಟ್ ಎಂಬ ಸಾಗಣೆ ವಿಧಾನ 2012ರಲ್ಲಿ ಆರ್‌ಎಫ್‌ಸಿ 6817 ಆಗಿ ದಾಖಲಾಯಿತು. ನೆರೆಯವರಿಂದ ನೆರೆಯವರಿಗೆ ಹಂಚಿದಾಗ ಮಾತ್ರ ಜಾಲಕ್ಕೂ ನಿಜವಾದ ಉಳಿತಾಯ ಎಂಬುದು ಈ ಕಾಲದಲ್ಲಿ ಸ್ಥಿರಪಟ್ಟಿತು.

ಹಿನ್ನಡೆ

2010ರ ಹೊತ್ತಿಗೆ ಗಾಳಿ ಬದಲಾಗಿತ್ತು. ಬ್ಯಾಂಡ್‌ವಿಡ್ತ್ ಬೆಲೆ ವರ್ಷವರ್ಷಕ್ಕೆ ಇಳಿಯಿತು. ಅಕಮೈಯಂಥ ವಿತರಣಾ ಜಾಲಗಳು ಊರೂರಲ್ಲಿ ಸರ್ವರುಗಳನ್ನಿಟ್ಟು ದೃಶ್ಯವನ್ನು ವೀಕ್ಷಕರ ಹತ್ತಿರಕ್ಕೆ ತಂದವು. ನೆಟ್‌ಫ್ಲಿಕ್ಸ್ 2012ರಲ್ಲಿ ಪ್ರಕಟಿಸಿದ ಓಪನ್ ಕನೆಕ್ಟ್ ಯೋಜನೆಯಡಿ ತನ್ನ ಪೆಟ್ಟಿಗೆಗಳನ್ನು ಸೇವಾದಾರರ ಅಂಗಳದಲ್ಲೇ ಇಟ್ಟಿತು. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್, ವಿಡಿಯೊವನ್ನು ಸಾಮಾನ್ಯ ವೆಬ್ ಕಡತಗಳಂತೆ ಕಳಿಸುವುದನ್ನು ರೂಢಿ ಮಾಡಿತು. ನೋಡುಗರು ಕಂಪ್ಯೂಟರಿನಿಂದ ಮೊಬೈಲಿಗೆ ಸರಿದರು. ಬ್ಯಾಟರಿ ಮತ್ತು ಡೇಟಾ ಎರಡನ್ನೂ ಅಳೆದು ಬಳಸುವ ಮೊಬೈಲಿನಿಂದ ಅಪ್‌ಲೋಡ್ ಬಯಸುವುದು ನ್ಯಾಯವೂ ಆಗಿರಲಿಲ್ಲ. ಅನುಮತಿಯಿಲ್ಲದ ಕ್ರೀಡಾ ಪ್ರಸಾರಗಳಿಂದ ಈ ತಂತ್ರಕ್ಕೆ ಕೆಟ್ಟ ಹೆಸರೂ ಅಂಟಿತ್ತು. ಚೀನಾದಲ್ಲಿ 2013ರಲ್ಲಿ ಪಿಪಿಸ್ಟ್ರೀಮ್‌ನ ವಿಡಿಯೊ ವ್ಯವಹಾರವನ್ನು ಬೈದು ಎಂಬ ಕಂಪನಿ ಕೊಂಡುಕೊಂಡಿತು. ಪಿಪಿಟಿವಿ ಎಂದು ಹೆಸರು ಬದಲಿಸಿಕೊಂಡಿದ್ದ ಪಿಪಿಲೈವ್‌ನ ದೊಡ್ಡ ಪಾಲು ಅದೇ ವರ್ಷ ಸುನಿಂಗ್ ಕಂಪನಿಯ ಕೈಸೇರಿತು.

ಬ್ರೌಸರಿನೊಳಗೆ ಮರುಹುಟ್ಟು

ಪ್ರತ್ಯೇಕ ತಂತ್ರಾಂಶ ಇಳಿಸಿಕೊಳ್ಳಬೇಕೆಂಬ ತೊಡಕನ್ನು ವೆಬ್‌ಆರ್‌ಟಿಸಿ ನಿವಾರಿಸಿತು. 2011ರಲ್ಲಿ ಗೂಗಲ್ ಮುಕ್ತವಾಗಿ ಬಿಡುಗಡೆ ಮಾಡಿ, 2021ರ ಜನವರಿಯಲ್ಲಿ ಅಧಿಕೃತ ಮಾನಕವಾದ ಈ ತಂತ್ರದಿಂದ ಎರಡು ಬ್ರೌಸರುಗಳು ನೇರವಾಗಿ ತುಣುಕು ವಿನಿಮಯ ಮಾಡಿಕೊಳ್ಳಬಲ್ಲವು. ಫೆರಾಸ್ ಅಬೂಖದೀಜೆ ಆರಂಭಿಸಿದ ವೆಬ್‌ಟೊರೆಂಟ್ ಇದರ ಮೇಲೆ ನಿಂತಿತು. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆಯ ವಿಡಿಯೊ ತಂತ್ರಾಂಶ ಪೀರ್‌ಟ್ಯೂಬ್ 2018ರ ಅಕ್ಟೋಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡಿತು. 2021ರಲ್ಲಿ ನೇರಪ್ರಸಾರವನ್ನೂ ಸೇರಿಸಿಕೊಂಡಿತು. ದೊಡ್ಡ ಕಂಪನಿಗಳ ಹಂಗಿಲ್ಲದೆ ಒಂದು ಚಿಕ್ಕ ಸರ್ವರಿನಿಂದ ವಿಡಿಯೊ ತಾಣ ನಡೆಸುವವರಿಗೆ ನೋಡುಗರ ನೆರವು ದೊಡ್ಡ ಆಸರೆ.

ಇಲ್ಲಿ ಎಲ್ಲ ಹೊರೆಯನ್ನೂ ವೀಕ್ಷಕರ ಮೇಲೆ ಹೇರುವುದಿಲ್ಲ. ತುಣುಕನ್ನು ಮೊದಲು ಪೀರ್‌ಗಳ ಬಳಿ ಹುಡುಕಿ, ಗಡುವು ಹತ್ತಿರವಾದರೆ ಸರ್ವರಿನಿಂದ ತರಿಸುವ ಮಿಶ್ರ ಪದ್ಧತಿಯೇ ಈಗ ಚಾಲ್ತಿಯಲ್ಲಿದೆ. ಇಂಥ ಸೇವೆ ನೀಡುತ್ತಿದ್ದ ಸ್ಟ್ರೀಮ್‌ರೂಟ್ ಅನ್ನು 2019ರಲ್ಲಿ ಸೆಂಚುರಿಲಿಂಕ್, ಪೀರ್5 ಅನ್ನು 2021ರಲ್ಲಿ ಮೈಕ್ರೋಸಾಫ್ಟ್ ಕೊಂಡವು. ದೊಡ್ಡ ಕಚೇರಿಗಳ ಒಳಗೆ ಇದರ ಉಪಯೋಗ ಎದ್ದುಕಾಣುತ್ತದೆ. ಮುಖ್ಯಸ್ಥರ ಭಾಷಣವನ್ನು ಒಂದೇ ಕಟ್ಟಡದ ಸಾವಿರ ಮಂದಿ ಏಕಕಾಲಕ್ಕೆ ನೋಡುವಾಗ ಹೊರಗಿನ ಸಂಪರ್ಕದಿಂದ ಕೆಲವೇ ಪ್ರತಿಗಳು ಒಳಬಂದರೆ ಸಾಕು. ಉಳಿದದ್ದು ಕಚೇರಿಯ ಒಳಜಾಲದಲ್ಲೇ ಹಂಚಿಕೆಯಾಗುತ್ತದೆ. ನೆರೆಯವರು ನಿಜಕ್ಕೂ ನೆರೆಯಲ್ಲೇ ಇರುವ ಜಾಗ ಅದು.

ಇತಿಮಿತಿ ಮತ್ತು ಪ್ರಸ್ತುತತೆ

ಜತೆಗಾರರಿಗೆ ಪರಸ್ಪರರ ಐಪಿ ವಿಳಾಸ ತಿಳಿಯುವುದರಿಂದ ಯಾರು ಏನು ನೋಡುತ್ತಿದ್ದಾರೆಂಬ ಗುಟ್ಟು ಉಳಿಯದಿರುವುದು ಈ ವಿಧಾನದ ಗಂಭೀರ ಕೊರತೆ. ರೂಟರಿನ ಹಿಂದೆ ಅಡಗಿರುವ ಮನೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವುದು ಇಂದಿಗೂ ಎಲ್ಲ ಕಡೆ ಸಲೀಸಲ್ಲ. ವೀಕ್ಷಕರ ಒಪ್ಪಿಗೆ ಕೇಳದೆ ಅವರ ಅಪ್‌ಲೋಡ್ ಬಳಸುವುದು ಸಲ್ಲದು ಎಂಬ ಎಚ್ಚರ ಐಪ್ಲೇಯರ್ ಕಾಲದಿಂದಲೂ ಬೆಳೆದುಬಂದಿದೆ.

ನೋಡುಗರ ಸಂಖ್ಯೆ ಮಾತ್ರ ಏರುತ್ತಲೇ ಇದೆ. 2023ರ ನವೆಂಬರ್ 19ರ ವಿಶ್ವಕಪ್ ಕ್ರಿಕೆಟ್ ಫೈನಲ್ ಪಂದ್ಯಕ್ಕೆ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿನಲ್ಲಿ 5.9 ಕೋಟಿ ವೀಕ್ಷಣೆಗಳು ದಾಖಲಾದವು. ತಲೆಗೆ ಸೆಕೆಂಡಿಗೆ ಒಂದೇ ಮೆಗಾಬಿಟ್ ಎಂದುಕೊಂಡರೂ ಅದು 59 ಟೆರಾಬಿಟ್. ಪಿಪಿಲೈವ್‌ನ 2006ರ ಹಬ್ಬದ ರಾತ್ರಿಯ ಹರಿವಿನ 590 ಪಟ್ಟು. ವಿತರಣಾ ಜಾಲಗಳು ಅಷ್ಟನ್ನು ಹೊತ್ತವು. ಹಾಗೆ ಹೊರಲು ಪ್ರತಿ ಊರಿನಲ್ಲೂ ಮೊದಲೇ ಸಾಮರ್ಥ್ಯ ಕಟ್ಟಿಡಬೇಕು. ಅದಕ್ಕೆ ಬಂಡವಾಳ ಬೇಕು. ಅಂಥ ಬಂಡವಾಳವಿಲ್ಲದ ಸಮುದಾಯ ವಾಹಿನಿಗೆ, ಶಾಲೆಗೆ, ಸಣ್ಣ ಭಾಷೆಯ ಪ್ರಸಾರಕರಿಗೆ ಪೀರ್-ಟು-ಪೀರ್ ಇಂದಿಗೂ ತೆರೆದಿರುವ ದಾರಿ. ಪ್ರಸಾರಕರು, ಸೇವಾದಾರರು, ವೀಕ್ಷಕರು ಈ ಮೂವರ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆದು, ಹತ್ತಿರದವರಿಂದ ಒಪ್ಪಿಗೆಯೊಡನೆ ಪಡೆದಲ್ಲೆಲ್ಲ ಈ ವಿಧಾನ ಉಳಿದಿದೆ. ಒಬ್ಬರ ಖರ್ಚನ್ನು ಇನ್ನೊಬ್ಬರ ಮೇಲೆ ಸದ್ದಿಲ್ಲದೆ ಸರಿಸಿದಲ್ಲಿ ಅದು ಬಾಳಿಲ್ಲ.